ಜಪಸರದ ಬಾಲ

ನಮ್ಮ ಮನೆಯಲ್ಲಿ ಸಂಜೆಯ ಜಪಸರ ಮುಗಿದರೂ ಪ್ರಾರ್ಥನೆ ಮುಗಿಯುತ್ತಿರಲಿಲ್ಲ. ಮಣಿಗಳೆಲ್ಲ ಸರಿದು ಶಿಲುಬೆಗೆ ಮುತ್ತಿಟ್ಟ ಮೇಲೆ ಅವ್ವ ಸೆರಗು ಸರಿಮಾಡಿಕೊಂಡು ಮತ್ತೆ ಶುರು ಮಾಡುತ್ತಿದ್ದಳು. ಗಬ್ಬದ ಹಸು ಸಲೀಸಾಗಿ ಈಯಲಿ ಎಂದು ಒಂದು ನಮೋ ಮರಿಯಾ ಜಪ. ಅಪ್ಪನ ಕೆಮ್ಮಿಗೆ ಒಂದು. ತಟ್ಟೆಯಲ್ಲಿದ್ದ ರೇಷ್ಮೆ ಹುಳು ರೋಗ ಬೀಳದೆ ಹಣ್ಣಾಗಿ ಗೂಡು ಕಟ್ಟಲಿ ಎಂದು ಒಂದು. ಪಕ್ಕದ ಮನೆಯವರು ಶಿವಪೂಜೆಯವರು, ಆದರೂ ಅವರ ಕೋರ್ಟು ಕೇಸಿಗೆ ಒಂದು. ಇದಕ್ಕೆ ನಾವು ಮಕ್ಕಳು ಬಾಲ ಎಂದು ಹೆಸರಿಟ್ಟಿದ್ದೆವು. ಜಪಸರಕ್ಕಿಂತ ಬಾಲವೇ ಉದ್ದವಾಗಿರುತ್ತಿತ್ತು.

ಅಜ್ಜೀಪುರದಿಂದ ಒಳಕ್ಕೆ ಹೋದರೆ ಸಿಗುವ ಸಣ್ಣ ಊರು ನಮ್ಮದು. ಅರ್ಧ ತಮಿಳು, ಅರ್ಧ ಕನ್ನಡ. ಗುಡ್ಡದ ನೆರಳು ಬೇಗ ಇಳಿಯುತ್ತಿತ್ತು. ಹಿಪ್ಪುನೇರಳೆ ಸೊಪ್ಪಿನ ವಾಸನೆಯ ಆ ಕೋಣೆಯಲ್ಲಿ ನಾನು ಅಪ್ಪನ ಕೆಮ್ಮಿನ ಹೊತ್ತಿಗೆ ಗೋಡೆಗೊರಗಿ ನಿದ್ದೆಗೆ ಜಾರಿ, ಕೋರ್ಟು ಕೇಸಿನ ಹೊತ್ತಿಗೆ ಎಚ್ಚರಾಗುತ್ತಿದ್ದೆ. ನಡುವೆ ಎಲ್ಲ ಕಲಸಿಹೋಗುತ್ತಿತ್ತು. ನಮ್ಮ ಹಸು ಕೊಳ್ಳೇಗಾಲದ ಕೋರ್ಟಿನಲ್ಲಿ ನಿಂತು ಕೆಮ್ಮುತ್ತಿತ್ತು, ಜಡ್ಜು ಸಾಹೇಬರು ಅದಕ್ಕೆ ಸೊಪ್ಪು ಹಾಕುತ್ತಿದ್ದರು. ಅಕ್ಕ ಮಾತ್ರ ಒಂದು ದಿನವೂ ತೂಕಡಿಸಿದವಳಲ್ಲ. ಅವ್ವ ಮರೆತದ್ದನ್ನೂ ನೆನಪು ಮಾಡಿ ಬಾಲವನ್ನು ಇನ್ನಷ್ಟು ಎಳೆಯುತ್ತಿದ್ದಳು. ನನಗೆ ಅವಳನ್ನು ಕಂಡರೆ ಉರಿಯುತ್ತಿತ್ತು.

ಆ ಅಕ್ಕನೇ ಕನ್ಯಾಸ್ತ್ರೀಯಾಗಿ ಆಫ್ರಿಕಾದ ಟಾಂಜಾನಿಯಾಕ್ಕೆ ಹೋದಳು. ಅಲ್ಲಿನ ಒಂದು ಹಳ್ಳಿಯಲ್ಲಿ ಮಕ್ಕಳಿಗೆ ಧರ್ಮೋಪದೇಶ ಹೇಳಿಕೊಡುವುದು ಅವಳ ಕೆಲಸ. ಅಪರೂಪಕ್ಕೆ ರಜೆಗೆ ಬಂದಾಗ ಕಥೆ ಹೇಳುತ್ತಿದ್ದಳು. ಮಣ್ಣಿನ ಗೋಡೆಯ ಚರ್ಚು, ಮೇಲೆ ತಗಡು, ಎದುರಿಗೊಂದು ಮಾವಿನ ಮರ. ಒಳಗೆ ಸೆಕೆಯೆಂದು ಪಾಠವೆಲ್ಲ ಮರದ ಕೆಳಗೇ. ಕೇಳುತ್ತ ಕೇಳುತ್ತ ನನ್ನ ಮನಸ್ಸಿನಲ್ಲಿ ಆ ಮಾವಿನ ಮರ ನಮ್ಮೂರ ಕೆರೆ ಹತ್ತಿರ ಬಂದು ನಿಂತುಬಿಟ್ಟಿತ್ತು. ಈಗಲೂ ಕಣ್ಣು ಮುಚ್ಚಿದರೆ ಅದು ಎಲ್ಲಿಯದು ಎಂದು ಗೊತ್ತಾಗುವುದಿಲ್ಲ. ಕೊನೆಗೆ ಜ್ವರ ಬಂದು ಅಕ್ಕ ಅಲ್ಲೇ ತೀರಿಕೊಂಡಳು, ಅಲ್ಲೇ ಮಣ್ಣಾದಳು. ನಾವು ಇಲ್ಲಿ ಚರ್ಚಿನಲ್ಲಿ ದೇಹವಿಲ್ಲದೆಯೇ ಅವಳ ಆತ್ಮಕ್ಕೆ ಬಲಿಪೂಜೆ ಮಾಡಿಸಿದೆವು.

ನಾನು ಯಳಂದೂರು ತಾಲ್ಲೂಕಿನ ಮಾಂಬಳ್ಳಿಯಲ್ಲಿ ಮೇಷ್ಟ್ರಮ್ಮನಾಗಿದ್ದವಳು. ನಮ್ಮ ಯಜಮಾನರು ಕೊಳ್ಳೇಗಾಲದ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದರು. ನಮಗೆ ಮಕ್ಕಳಾಗಲಿಲ್ಲ. ಇದನ್ನು ಹೀಗೆ ಒಂದೇ ಸಾಲಿನಲ್ಲಿ ಬರೆಯಲು ನನಗೆ ಇಷ್ಟು ವಯಸ್ಸಾಗಬೇಕಾಯಿತು. ಮೈಸೂರಿನ ಡಾಕ್ಟರು, ಚರ್ಚಿನ ಹರಕೆ, ಎಲ್ಲ ಆಯಿತು. ಮಾಂಬಳ್ಳಿಯ ಮನೆ ಓನರಮ್ಮ ನನ್ನನ್ನು ಕೇಳದೆಯೇ ನನ್ನ ಹೆಸರಲ್ಲಿ ಮಾದಪ್ಪನ ಬೆಟ್ಟಕ್ಕೆ ಹರಕೆ ಹೊತ್ತು, ತಾನೇ ಹೋಗಿ ತೀರಿಸಿಯೂ ಬಂದಳು. ಬೇಡವೆನ್ನಲು ನನಗೆ ಬಾಯಿ ಬರಲಿಲ್ಲ. ಆಮೇಲೆ ವಯಸ್ಸು ದಾಟಿತು, ಜನ ಕೇಳುವುದನ್ನು ಬಿಟ್ಟರು. ನಾವಿಬ್ಬರೂ ಆ ಮಾತನ್ನು ಎತ್ತುತ್ತಿರಲಿಲ್ಲ. ಸದ್ಯ ಕಾಟ ತಪ್ಪಿತು ಎಂದು ನಾನು ಹಾಯಾಗಿದ್ದೆ.

ಕಳೆದ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ನಮ್ಮವರು ಬಸ್ ಸ್ಟ್ಯಾಂಡಿನಿಂದ ಒಬ್ಬ ಎತ್ತರದ ಹುಡುಗನನ್ನು ಕರೆತಂದರು. ಮೈಸೂರಿನಲ್ಲಿ ಪಾದ್ರಿಯಾಗಲು ಓದುತ್ತಿರುವ ಬ್ರದರ್. ಅಕ್ಕನ ಆ ಮಾವಿನ ಮರದ ಕೆಳಗೆ ಕೂತು ಅವಳಿಂದಲೇ ಪ್ರಾರ್ಥನೆ ಕಲಿತವನು. ಸಿಸ್ಟರ್ ಹುಟ್ಟಿದ ಸೀಮೆ ನೋಡಬೇಕೆಂದು ಫೋನು ಮಾಡಿ ಬಂದಿದ್ದ. ಯಾರೂ ಹೇಳದೆಯೇ ಹೊರಗೆ ಬೂಟು ಬಿಚ್ಚಿಟ್ಟ. ಅದೂ ಅಕ್ಕನ ಪಾಠವೇ ಇರಬೇಕು. ಮುದ್ದೆ ಬಡಿಸಿದರೆ ಒಳ್ಳೆ ಕೈಚಳಕದಲ್ಲಿ ಮುರಿದ, ಆದರೆ ಬಾಯಿತುಂಬ ಅಗಿಯತೊಡಗಿದ.

"ಅಗೀಬಾರ್ದು ಕಣಪ್ಪ, ನುಂಗ್ಬೇಕು," ಎಂದೆ.

ನಕ್ಕು ನುಂಗಿದ. ನೀರು ಕುಡಿದ. ಆಮೇಲೆ ತಾನು ಕಲಿತ ಪುಸ್ತಕದ ಕನ್ನಡದಲ್ಲಿ ಬಹಳ ಮರ್ಯಾದೆಯಿಂದ ಕೇಳಿದ: "ತಮ್ಮ ಮಗು ಹೇಗಿದೆ?"

"ಯಾವ ಮೊಗ?"

"ತಮ್ಮದು. ನಾವು ಕೇಳಿಕೊಂಡಿದ್ದು."

ಅವನು ವಿವರಿಸುತ್ತ ಹೋದಂತೆ ನನ್ನ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. ಅಕ್ಕ ಅಲ್ಲಿಯೂ ಬಾಲ ಹಚ್ಚಿದ್ದಳು! ದಿನದ ಪಾಠ ಮುಗಿದ ಮೇಲೆ ಯಾರದೋ ಮೇಕೆಗೆ ಒಂದು, ಯಾರದೋ ಅಜ್ಜಿಯ ಕಣ್ಣಿಗೆ ಒಂದು, ಎಲ್ಲಕ್ಕಿಂತ ಕೊನೆಗೆ, ದೂರದ ದೇಶದಲ್ಲಿರುವ ನನ್ನ ತಂಗಿಗೆ ಮಗುವಾಗಲಿ ಎಂದು ಒಂದು. ಅವಳು ಸತ್ತ ಮೇಲೆ ಅಲ್ಲಿಯ ಉಪದೇಶಿ, ಅಂದರೆ ಈಗ ಪಾಠ ಹೇಳುವ ಹಿರಿಯರು, ಅದನ್ನು ಬಿಡಲಿಲ್ಲ. ನಿಲ್ಲಿಸಿ ಎಂದು ಯಾರೂ ಹೇಳಿರಲಿಲ್ಲವಲ್ಲ. ಒಂದು ತಲೆಮಾರಿನ ಮಕ್ಕಳು ದೊಡ್ಡವರಾಗಿ ಮದುವೆಯಾಗಿ, ಈಗ ಅವರ ಮಕ್ಕಳು ಕೂತು ನನಗೆ ಮಗು ಬೇಡುತ್ತಿದ್ದಾರೆ. ಗಂಡೋ ಹೆಣ್ಣೋ ಎಂದು ಜಗಳವನ್ನೂ ಆಡುತ್ತಾರಂತೆ.

ನನಗೆ ಮೈಯೆಲ್ಲ ಉರಿದುಹೋಯಿತು. "ನೋಡಿ, ನನ್ನ ಹೊಟ್ಟೆ ವಿಷ್ಯನ ಊರಿಗೆಲ್ಲ ಡಂಗುರ ಸಾರ್ಬುಟ್ಟವ್ಳೆ!"

"ಈ ಊರಿಗಲ್ಲ ಕಣೆ, ಆಫ್ರಿಕಕ್ಕೆ," ಎಂದರು ನಮ್ಮವರು, ಮಜ್ಜಿಗೆ ಕಲಸಿಕೊಳ್ಳುತ್ತ.

"ನಿಲ್ಸೋಕೆ ಯೋಳಿ. ರಿಟೈರಾಗಿ ಕೂತಿವ್ನಿ. ಈಗ ಹೆತ್ರೆ ಪೇಪರ್ನೋರು ಬತ್ತಾರೆ."

ಹುಡುಗ ನಗಲಿಲ್ಲ. ಸಂಜೆ ಪಾಠದ ಹೊತ್ತಿಗೆ ಆ ಮಕ್ಕಳು ವಿಡಿಯೋ ಕಾಲ್ ಮಾಡುತ್ತಾರೆ, ಉತ್ತರ ಕೇಳಲೆಂದೇ ಕಾದಿದ್ದಾರೆ ಎಂದ. "ನಾನು ನನ್ನ ಬಾಯಿಂದ ದೇವರನ್ನು ಮೊದಲು ಬೇಡಿದ್ದೇ ಇದನ್ನು. ಕೇಳಿದರೆ ಕೊಡುತ್ತಾನೆ ಎಂದು ಸಿಸ್ಟರ್ ಕಲಿಸಿದ್ದರು. ಆ ಮಕ್ಕಳಿಗೆ ಏನು ಹೇಳಲಿ?" ಅವನ ಧ್ವನಿ ಸಣ್ಣದಾಗಿತ್ತು. ಅವನು ಕೇಳುತ್ತಿದ್ದುದು ಮಕ್ಕಳಿಗಾಗಿ ಮಾತ್ರವಲ್ಲ ಎಂದು ನನಗೆ ತಿಳಿಯಿತು.

"ಒಂದು ಹೆಣ್ಣು ಮೊಗ ಅಂತ ಅಂದ್ಬುಡು. ಯಾರು ಬಂದು ನೋಡಾರು?" ಎಂದರು ನಮ್ಮವರು.

ಸೆಕೆಗೆ ಎಲ್ಲರೂ ಅಡ್ಡಾದರು. ನಾನೂ ಚಾಪೆಯ ಮೇಲೆ ಒರಗಿದೆ. ಫ್ಯಾನು ತಿರುಗುತ್ತಿತ್ತು. ನಿದ್ದೆಯೋ ಎಚ್ಚರವೋ ತಿಳಿಯದ ಆ ಹೊತ್ತಿನಲ್ಲಿ ನಮ್ಮವರು ಹೇಳಿದ ಹೆಣ್ಣು ಮಗು ಸುಮ್ಮನೆ ಒಳಗೆ ಬಂತು. ನಾನು ತಡೆಯಲಿಲ್ಲ. ಎರಡು ಜಡೆ ಹಾಕಿದೆ. ಕೈ ಹಿಡಿದುಕೊಂಡು ಮಾಂಬಳ್ಳಿಯ ಗದ್ದೆ ಬದುವಿನ ಮೇಲೆ ಸ್ಕೂಲಿಗೆ ಕರೆದೊಯ್ದೆ. ಎಲ್ಲರ ಎದುರು ನನ್ನನ್ನು ಮಿಸ್ ಎನ್ನಬೇಕೆಂದರೆ ಅದು ಬೇಕೆಂದೇ ಅವ್ವಾ ಎಂದು ಕಿರುಚಿತು. ಓನರಮ್ಮ ಅದರ ಹಣೆಗೆ ವಿಭೂತಿ ಎಳೆದಳು, ಅಕ್ಕ ಅದೇ ಹಣೆಗೆ ಶಿಲುಬೆ ಗುರುತು ಹಾಕಿದಳು. ಮಗು ಓಡಿಹೋಗಿ ಮಾವಿನ ಮರದ ಕೆಳಗೆ ಬೇರೆ ಮಕ್ಕಳ ನಡುವೆ ಕೂತಿತು. ಬೆನ್ನು ಕಾಣುತ್ತಿತ್ತು, ಮುಖ ಕಾಣಲಿಲ್ಲ. ಎಷ್ಟು ಕರೆದರೂ ತಿರುಗಲಿಲ್ಲ. ಎದ್ದಾಗ ನನ್ನ ಸೆರಗು ಒದ್ದೆಯಾಗಿತ್ತು. ಸುಳ್ಳು ಹೇಳಿದರೆ ಆ ಮಗುವನ್ನು ದಿನಾ ಸಾಕಬೇಕಾಗುತ್ತದೆ, ನನ್ನ ಕೈಲಾಗುವುದಿಲ್ಲ ಎನ್ನಿಸಿತು.

ನಾವು ದೀಪ ಹಾಕುವ ಹೊತ್ತಿಗೆ ಕಾಲ್ ಬಂತು. ಹುಡುಗ ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿಟ್ಟ. ಅಲ್ಲಿ ಇನ್ನೂ ಬಿಸಿಲು. ಮರ ನಿಜವಾಗಿಯೂ ಇತ್ತು, ನಾನು ಅಂದುಕೊಂಡಿದ್ದಕ್ಕಿಂತ ಗಿಡ್ಡ. ಮಕ್ಕಳು ಒಬ್ಬರ ಮೇಲೊಬ್ಬರು ಬಿದ್ದು ಇಣುಕುತ್ತಿದ್ದರು. ಹಿಂದೆ ನರೆಗೂದಲಿನ ಉಪದೇಶಿ ಕೈ ಮುಗಿದರು, ನಮ್ಮ ಹಾಗೆಯೇ. ಎಲ್ಲರೂ ಒಟ್ಟಿಗೆ ಏನೋ ಕೂಗಿದರು. ಹುಡುಗ ಉತ್ತರಕ್ಕಾಗಿ ನನ್ನ ಮುಖ ನೋಡಿದ.

"ಇಲ್ಲ ಕಣ್ರವ್ವ. ಮೊಗ ಆಗ್ನಿಲ್ಲ," ಎಂದೆ.

ಅವನು ಅದನ್ನು ಅವರ ಭಾಷೆಗೆ ತರಲು ಬಹಳ ಹೊತ್ತು ತೆಗೆದುಕೊಂಡ. ಹೇಳಿ ಮುಗಿಸಿದಾಗ ಮಕ್ಕಳು ಒಬ್ಬೊಬ್ಬರಾಗಿ ಹಿಂದಕ್ಕೆ ಸರಿದರು. ಎಲ್ಲೋ ಒಂದು ಕೋಳಿ ಕೂಗುತ್ತಿತ್ತು. ಉಪದೇಶಿ ತಲೆ ತಗ್ಗಿಸಿದರು. ನನಗೆ ಭಯವಾಯಿತು. ಅಕ್ಕ ಅಷ್ಟು ವರ್ಷ ಕಟ್ಟಿದ್ದನ್ನು ನಾನು ಒಂದು ಮಾತಿನಲ್ಲಿ ಕೆಡವಿದೆನಲ್ಲ ಎನ್ನಿಸಿತು. ಆಗ ಮುಂದಿನ ಹಲ್ಲು ಬಿದ್ದ ಒಂದು ಹುಡುಗಿ ಫೋನಿನ ತೀರಾ ಹತ್ತಿರ ಬಂದು ಏನೋ ಕೇಳಿದಳು. ಹುಡುಗ ಅದನ್ನು ಕನ್ನಡಕ್ಕೆ ತರದೆ ನಮ್ಮವರ ಕಡೆ ನೋಡಿದ.

"ಯಾನಂತೆ? ಯೋಳು ಪರ್ವಾಗಿಲ್ಲ."

"ತಾವು ಅತ್ತಿರಾ ಎಂದು ಕೇಳುತ್ತಿದ್ದಾಳೆ."

ದೋಷ ಯಾರದು ಎಂದು ಕೇಳಿದವರಿದ್ದರು. ಯಾವ ಡಾಕ್ಟರು, ಯಾವ ದೇವರು, ದತ್ತು ಯಾಕೆ ತಗೊಳ್ಳಲಿಲ್ಲ ಎಂದು ಮದುವೆ ಮನೆಗಳಲ್ಲಿ ಪಂಕ್ತಿಯಲ್ಲಿ ಕೂತು ಕೇಳಿದವರಿದ್ದರು. ಇದನ್ನು ಮಾತ್ರ ಯಾರೂ ಕೇಳಿರಲಿಲ್ಲ.

"ಊ ಕಣವ್ವ. ಬಾಳ ಅತ್ತಿವ್ನಿ," ಎಂದೆ.

ಬಾಗಿಲ ಹತ್ತಿರ ನಿಂತಿದ್ದ ನಮ್ಮವರು ಗಂಟಲು ಸರಿಮಾಡಿಕೊಂಡರು. ಮತ್ತೆ ಏನೋ ತಮಾಷೆ ಮಾಡುತ್ತಾರೆ ಎಂದುಕೊಂಡೆ.

"ನಾನೂವೆ ಅಂತ ಯೋಳಪ್ಪ," ಎಂದರು.

ನಾನು ತಿರುಗಿ ನೋಡಿದೆ. ಅವರು ಗೋಡೆಯನ್ನು ನೋಡುತ್ತಿದ್ದರು. ಇಷ್ಟು ವರ್ಷ ಒಂದೇ ಮನೆಯಲ್ಲಿ, ಒಂದೇ ಚಾಪೆಯ ಮೇಲೆ ಮಲಗಿದವಳು ನಾನು. ನನಗೆ ಗೊತ್ತಿರಲಿಲ್ಲ.

ಅತ್ತ ಮಕ್ಕಳು ತಮ್ಮತಮ್ಮಲ್ಲೇ ಏನೋ ಮಾತಾಡಿಕೊಂಡರು. ಆಮೇಲೆ ಎಲ್ಲರೂ ಮಣ್ಣಿನ ಮೇಲೆ ಮೊಣಕಾಲೂರಿದರು.

"ಇನ್ನು ಮಗುವನ್ನು ಕೇಳುವುದಿಲ್ಲವಂತೆ," ಎಂದ ಹುಡುಗ. ಅವನ ಕಣ್ಣು ತುಂಬಿತ್ತು. "ಅತ್ತಿದ್ದಕ್ಕೆ ಪ್ರಾರ್ಥನೆ ಹೇಳುತ್ತಾರಂತೆ. ತಮಗೆ ಒಂದು, ಇವರಿಗೆ ಒಂದು."

ನಮ್ಮವರು ಬಂದು ನನ್ನ ಪಕ್ಕದಲ್ಲಿ ನೆಲದ ಮೇಲೆ ಕೂತರು. ಮಕ್ಕಳು ನನ್ನದನ್ನು ಮುಗಿಸಿದರು. ನಮ್ಮವರದನ್ನು ಶುರುಮಾಡಿದಾಗ ನಾನೂ ಕನ್ನಡದಲ್ಲೇ ದನಿ ಸೇರಿಸಿದೆ.