ಪಿ.ಟಿ. ಟೀಚರ್ ಲೋಕಸಭೆಗೆ ಹೋದದ್ದು

ಹಳೆಯ ಕಾರನ್ನು ಮಾರುವ ಮೊದಲು ಡ್ಯಾಶ್‌ಬೋರ್ಡಿನ ಖಾನೆ ಖಾಲಿ ಮಾಡುತ್ತಿದ್ದೆ. ಪಾರ್ಕಿಂಗ್ ಚೀಟಿಗಳ ಅಡಿಯಲ್ಲಿ ಒಂದು ಸ್ಟೀಲಿನ ವಿಸಿಲ್ ಸಿಕ್ಕಿತು. ಅದರ ಕಪ್ಪು ದಾರ ಮಾಸಿ ಕಂದು ಬಣ್ಣಕ್ಕೆ ತಿರುಗಿತ್ತು. ಊದಿ ನೋಡುವ ಧೈರ್ಯವಾಗಲಿಲ್ಲ... ಊದಿದರೆ ಬೀದಿಯವರೆಲ್ಲ ಸಾಲಾಗಿ ನಿಂತುಬಿಡುತ್ತಾರೇನೋ ಎಂಬ ಹಳೆಯ ಭಯ.

ಅದು ಪಿ.ಟಿ. ಟೀಚರ್ ಕೊರಳಲ್ಲಿರುತ್ತಿದ್ದ ವಿಸಿಲ್. ದುಬೈಯ ಇಂಟರ್‌ನ್ಯಾಷನಲ್ ಸಿಟಿಯಲ್ಲಿ ಅವರದು ನಮ್ಮ ಎದುರಿನ ಫ್ಲ್ಯಾಟ್. ಉಡುಪಿ ಕಡೆಯ ಕೊಂಕಣಿ ಕ್ರಿಶ್ಚಿಯನ್ನರು. ಗಂಡ ದೇರಾದ ಹೋಟೆಲೊಂದರಲ್ಲಿ ಸ್ಟೋರ್‌ಕೀಪರ್, ಮೆತ್ತಗಿನ ಮನುಷ್ಯ. ಜುಮೇರಾ ಲೇಕ್ ಟವರ್ಸ್‌ನ ನನ್ನ ಆಫೀಸಿಗೆ ಹೋಗುವಾಗ ದಾರಿಯಲ್ಲಿ ಟೀಚರನ್ನು ಶಾಲೆಗೆ ಬಿಡುತ್ತಿದ್ದೆ. ಎರಡು ನಿಮಿಷ ತಡವಾದರೂ ಅವರು ಬೈಯುತ್ತಿರಲಿಲ್ಲ. ಕಾರಿನ ಪಕ್ಕ ನಿಂತು ವಾಚು ನೋಡುತ್ತಿದ್ದರು, ಅಷ್ಟೇ. ನಾನು ಮೂರು ಮಹಡಿ ಓಡಿಕೊಂಡೇ ಇಳಿಯುತ್ತಿದ್ದೆ. ನನ್ನ ಹೊಟ್ಟೆ ಕರಗಿದ್ದು ಆ ದಿನಗಳಲ್ಲೇ ಎಂದು ಹೆಂಡತಿ ಈಗಲೂ ಹೇಳುತ್ತಾಳೆ.

ಅವರ ರಾಜಕೀಯ ಶುರುವಾದದ್ದು ನಮ್ಮ ಕನ್ನಡ ಕೂಟದ ವಾರ್ಷಿಕೋತ್ಸವದಲ್ಲಿ. ಊರಿನಿಂದ ಬಂದಿದ್ದ ಪಕ್ಷದ ದೊಡ್ಡ ನಾಯಕರು ಮುಖ್ಯ ಅತಿಥಿ. ಬರುವಾಗ ಎರಡು ಗಂಟೆ ತಡ. ಕವಾಯತಿಗೆ ನಿಂತಿದ್ದ ಮಕ್ಕಳು ಒಬ್ಬೊಬ್ಬರಾಗಿ ನೆಲದಲ್ಲಿ ಕೂತಿದ್ದರು. ನಾಯಕರು ಬಾಗಿಲಿಗೆ ಬಂದದ್ದೇ ಟೀಚರ್ ವಿಸಿಲ್ ಊದಿದರು.

"ಮಕ್ಕಳೇ, ತಡವಾಗಿ ಬಂದವರು ಎಲ್ಲಿ ನಿಲ್ಬೇಕು?"

"ಔಟ್‌ಸೈಡ್," ಎಂದರು ಮಕ್ಕಳು, ಒಂದೇ ದನಿಯಲ್ಲಿ.

ನಾಯಕರು ನಿಂತರು. ಕೂಟದ ಅಧ್ಯಕ್ಷರ ಮುಖ ಬಿಳಿಚಿಕೊಂಡಿತು. ಸರಿಯಾಗಿ ಒಂದು ನಿಮಿಷವಾದ ಮೇಲೆ ಟೀಚರ್, "ಇನ್ನು ಬನ್ನಿ" ಎಂದರು. ಆತ ನಗುತ್ತಲೇ ಒಳಗೆ ಬಂದು, ಭಾಷಣವನ್ನೂ ಬೇಗ ಮುಗಿಸಿದರು.

ಮರುವರ್ಷ ಟೀಚರಿಗೆ ಆ ನಾಯಕರದೇ ಫೋನು. ಲೋಕಸಭೆಗೆ ನಿಲ್ಲುತ್ತೀರಾ ಎಂದು. ಕ್ಷೇತ್ರದಲ್ಲಿ ಪಕ್ಷದ ಎರಡು ಬಣಗಳು ಕಚ್ಚಾಡುತ್ತಿದ್ದವು. ಇಬ್ಬರಿಗೂ ಆಗುವ ಅಭ್ಯರ್ಥಿ ಸಿಕ್ಕಿರಲಿಲ್ಲ.

"ಯಾರ ಹತ್ರವೂ ಜಗಳ ಮಾಡದವರು ಬೇಕಂತೆ ಮಾರಾಯ್ರೆ," ಎಂದರು ಟೀಚರ್ ಕಾರಿನಲ್ಲಿ. "ಹನ್ನೆರಡು ವರ್ಷ ನಾನು ಊರಲ್ಲೇ ಇಲ್ಲ. ಜಗಳ ಮಾಡ್ಲಿಕ್ಕೆ ಪುರ್ಸೊತ್ತು ಎಲ್ಲಿತ್ತು?"

ಆದರೆ ಆ ದಿನ ಶಾಲೆಯ ಗೇಟು ಬಂದರೂ ಅವರು ಇಳಿಯಲಿಲ್ಲ. ಕೆಲಸ ಬಿಡಬೇಕು, ವೀಸಾ ಕ್ಯಾನ್ಸಲ್ ಆಗುತ್ತದೆ, ಗಂಡನನ್ನು ಇಲ್ಲೇ ಬಿಟ್ಟು ಹೋಗಬೇಕು. ಸೋತರೆ ಐವತ್ತು ದಾಟಿದ ಪಿ.ಟಿ. ಟೀಚರನ್ನು ಮತ್ತೆ ಯಾರು ಕರೆಯುತ್ತಾರೆ?

"ಊರಲ್ಲಿ ಶಾಲೆಗಳ ಆಟದ ಬಯಲಲ್ಲೆಲ್ಲ ಕಟ್ಟಡ ಏಳ್ತಾ ಉಂಟು," ಎಂದರು ಕೊನೆಗೆ. "ಮಕ್ಕಳು ಎಲ್ಲಿ ಓಡುದು? ಅದೊಂದು ಕೇಳ್ಬೇಕು ನಂಗೆ."

ಮುಂದಿನ ಎರಡು ವಾರ ಶೇಖ್ ಜಾಯೆದ್ ರಸ್ತೆಯ ಟ್ರಾಫಿಕ್ಕಿನಲ್ಲಿ ಭಾಷಣದ ಅಭ್ಯಾಸ. "ಮತದಾರ ಬಾಂಧವರೇ" ಎಂದು ಶುರು ಮಾಡಿದವರು ಮೂರನೆಯ ವಾಕ್ಯಕ್ಕೇ "ಸಾಲು ಸರಿ ಇರಲಿ" ಎನ್ನುತ್ತಿದ್ದರು. ಏರ್‌ಪೋರ್ಟಿಗೆ ಬಿಡಲು ಹೋದ ದಿನ ಗಂಡ ಅವರ ಕೊರಳಿನಿಂದ ವಿಸಿಲ್ ಬಿಚ್ಚಿ ನನ್ನ ಕಾರಿನ ಖಾನೆಯಲ್ಲಿಟ್ಟರು.

"ಓಟು ಕೇಳುವವರು ಇದನ್ನು ಊದ್ಬಾರ್ದು."

ಟೀಚರ್ ಗೆದ್ದರು. ಎಲ್ಲಿ ಹೋದರೂ ಅವರ ಭಾಷಣ ನಾಲ್ಕೇ ನಿಮಿಷ. ಜನ ಅದಕ್ಕೇ ಓಟು ಹಾಕಿದರು ಎಂಬುದು ಗಂಡನ ನಂಬಿಕೆ.

ಅವರು ಸಂಸತ್ತಿನಲ್ಲಿ ಮೊದಲ ಸಲ ಮಾತನಾಡಿದ ದಿನ ಗಂಡ, ನಾನು ಇಬ್ಬರೂ ಟಿ.ವಿ. ಮುಂದೆ ಕೂತಿದ್ದೆವು. ಸಭಾಧ್ಯಕ್ಷರಿಗೆ, ಸದಸ್ಯರಿಗೆ, ಕ್ಷೇತ್ರದ ಜನರಿಗೆ ಎಲ್ಲ ವಂದಿಸಿ, "ನನ್ನ ಪ್ರಶ್ನೆ ಏನೆಂದರೆ" ಎನ್ನುವಾಗ ಸಮಯ ಮುಗಿದ ಗಂಟೆ ಬಾರಿಸಿದರು. ಅಲ್ಲಿ ಗಂಟೆ ಕೇಳಿ ಮಾತು ನಿಲ್ಲಿಸುವ ರೂಢಿ ಯಾರಿಗೂ ಇದ್ದಂತಿರಲಿಲ್ಲ. ಟೀಚರ್ ಮಾತ್ರ ವಾಕ್ಯದ ನಡುವೆಯೇ ಕೂತುಬಿಟ್ಟರು.

"ಬೆಲ್ ಆಯ್ತಲ್ಲ," ಎಂದರು ಗಂಡ, ನಿಟ್ಟುಸಿರು ಬಿಟ್ಟು. "ಇನ್ನು ಅವಳು ಏಳುದಿಲ್ಲ."

ಮುಂದಿನ ಸಲ ಅವರು ಎದ್ದವರೇ ಪ್ರಶ್ನೆ ಕೇಳಿ ಮುಗಿಸಿದರು, ವಂದನೆಗಳನ್ನು ಕೊನೆಗಿಟ್ಟರು. ವಂದನೆಯ ನಡುವೆ ಗಂಟೆಯಾಯಿತು. ಜಿಲ್ಲೆಯ ಎರಡು ಶಾಲೆಗಳ ಬಯಲು ಉಳಿಯಿತು.

ಒಮ್ಮೆ ಸಂಸದರ ನಿಯೋಗದ ಜೊತೆ ಅಬುಧಾಬಿಗೆ ಬಂದರು. ಗಂಡ ಬಂಗುಡೆ ಸಾರು, ಅನ್ನ ಕಟ್ಟಿಕೊಂಡರು. ನಾನು ಕಾರು ಓಡಿಸಿದೆ. ದೊಡ್ಡ ಹೋಟೆಲಿನ ಹೊಳೆಯುವ ಲಾಬಿಯಲ್ಲಿ ಆ ಡಬ್ಬಿ ತೆರೆಯುವ ಹಾಗಿರಲಿಲ್ಲ. ಟೀಚರ್ ನಮ್ಮನ್ನು ಕರೆದುಕೊಂಡು ನೇರ ಬೇಸ್‌ಮೆಂಟಿಗೆ ನಡೆದರು. ಕಾರಿನ ಹಿಂದಿನ ಸೀಟಿನಲ್ಲಿ ರೇಷ್ಮೆ ಸೀರೆಯ ಮೇಲೆ ಟವೆಲ್ ಹಾಸಿಕೊಂಡು ಉಂಡರು. ತುಂಬ ಇಳಿದುಹೋಗಿದ್ದರು. ಕೇಳಿದರೆ, "ಆ ದಿಲ್ಲಿಯ ಚಳಿಗೆ ಮಾರಾಯ್ರೆ, ಎಂತದೂ ಇಲ್ಲ," ಎಂದರು. ಆಪ್ತ ಸಹಾಯಕ ಬಂದು ಗಾಜು ತಟ್ಟಿದ. "ಮೀನಿನ ಮುಳ್ಳು ಉಂಟು, ನಿಲ್ಲಿ," ಎಂದು ಅವನನ್ನು ಹತ್ತು ನಿಮಿಷ ಹೊರಗೇ ನಿಲ್ಲಿಸಿದರು.

ನಾನು ಅವರನ್ನು ನೋಡಿದ್ದು ಅದೇ ಕೊನೆ. ಅವಧಿ ಮುಗಿಯುವ ಮೊದಲೇ ತೀರಿಕೊಂಡರು. ಕಾಯಿಲೆಯ ವಿಷಯ ಗಂಡನಿಗೂ ತಡವಾಗಿ ಹೇಳಿದ್ದರಂತೆ... ಆತ ಕೆಲಸ ಬಿಟ್ಟು ಊರು ಸೇರಿದರು.

ಮೊನ್ನೆ ಅವರಿಗೆ ಫೋನ್ ಮಾಡಿದೆ. ಮೀನಿನ ವಿಷಯ, ಸೆಕೆಯ ವಿಷಯ ಎಲ್ಲ ಮಾತಾಡಿದರು. ಆಮೇಲೆ ಹೇಳಿದರು:

"ದಿಲ್ಲಿಯಿಂದ ಅವಳ ಎರಡು ಪೆಟ್ಟಿಗೆ ಬಂದಿತ್ತಲ್ಲ. ಒಂದು ತೆರೆದೆ. ಇನ್ನೊಂದು... ನೀವು ರಜೆಯಲ್ಲಿ ಬಂದಾಗ ನೋಡುವ, ಆಗದಾ?"

"ಆಗ್ಲಿ," ಎಂದೆ.

ನನ್ನ ರಜೆಗೆ ಇನ್ನೂ ಏಳು ತಿಂಗಳಿದೆ. ಅದು ಅವರಿಗೂ ಗೊತ್ತು.