ಕಲಶದ ಕಾಯಿ ನೀರಿಗೆ ಬಿಟ್ಟ ದಿನ

ಅಮ್ಮನವರ ಭಕ್ತರೇ, ಮೊದಲು ನನ್ನ ತಪ್ಪು ಹೇಳಿಬಿಡುತ್ತೇನೆ. ನನ್ನ ಮೊಮ್ಮಗಳು ನೀರಲ್ಲಿ ಮುಳುಗಿದ್ದು ನನ್ನಿಂದ.

ತೊಂಬತ್ತೆಂಟನೇ ಇಸವಿ, ವರಮಹಾಲಕ್ಷ್ಮಿ ಹಬ್ಬದ ಮಾರನೇ ದಿನ ಶನಿವಾರ. ಮಗಳು ಸುಮಾ, ಅಳಿಯ, ಆರು ವರ್ಷದ ಮೇಘಾ, ನಾನು ಟೊರಾಂಟೋ ಪಕ್ಕದ ಬ್ರ್ಯಾಂಪ್ಟನ್ನಿಂದ ಪುಳಿಯೋಗರೆ ಕಟ್ಟಿಕೊಂಡು ಒಶಾವಾ ಊರು ದಾಟಿ ಪಿಕ್ನಿಕ್ ಹೋಗಿದ್ದೆವು. ಅಲ್ಲಿ ಲೇಕು ನೆಲದೊಳಗೆ ಚಾಚಿಕೊಂಡು ಒಂದು ಪುಟ್ಟ ಕೊಲ್ಲಿ. ಮೂರು ಕಡೆ ನೆಲ, ಅಲೆ ಬರೋದಿಲ್ಲ. ಮಕ್ಕಳು ಈಜುತ್ತಿದ್ದರು, ಆಚೆ ಬಂಡೆಗಳ ಹತ್ತಿರ ಡೈವಿಂಗ್ ಕ್ಲಾಸು. ವೆರಿ ಸೇಫ್ ಪ್ಲೇಸ್ ಅಂತ ಎಲ್ಲರೂ ಹೇಳಿದ್ದರು.

ನಮ್ಮ ಮನೆತನದಲ್ಲಿ ಕಲಶದ ಕಾಯಿ ಒಡೆಯೋದಿಲ್ಲ, ನೀರಿಗೆ ಬಿಡುತ್ತೇವೆ. ನಮ್ಮಮ್ಮ ಕಾವೇರಿಗೆ ಬಿಡುವಾಗ, ಕಾನ್ವೆಂಟಿನ ಹುಡುಗಿ ನಾನು ಮುಸಿಮುಸಿ ನಗುತ್ತಿದ್ದೆ. ವಯಸ್ಸಾದ ಮೇಲೆ ನಾನೂ ಬ್ಯಾಗಲ್ಲಿ ಕಾಯಿ ಇಟ್ಟುಕೊಂಡು ಹೋದೆ. ಅರಿಶಿನ ಬಳಿದ ಆ ಕಾಯಿಗೆ ಕಾಡಿಗೆಯಲ್ಲಿ ಕಣ್ಣು ಬರೆದವಳು ಮೇಘಾನೇ.

ಕಾಯಿ ಬಿಟ್ಟು, ಕಣ್ಣು ಮುಚ್ಚಿ, ಸ್ತೋತ್ರ ಶುರು ಮಾಡಿದೆ.

"ಅಜ್ಜೀ, ಷಿ ಈಸ್ ಗೋಯಿಂಗ್ ಅವೇ!" ಮೇಘಾ ಕೂಗಿದಳು. ಕಣ್ಣು ಬರೆದ ಆ ಕಾಯಿ ಅವಳಿಗೆ 'ಷಿ'.

"ಸುಮ್ನಿರು ಪುಟ್ಟಾ," ಅಂದೆ. ಕಣ್ಣು ಬಿಡಲಿಲ್ಲ. ಸ್ತೋತ್ರ ಮುಗಿದಾಗ ಪಕ್ಕದಲ್ಲಿ ಅವಳ ಚಪ್ಪಲಿ ಮಾತ್ರ ಇತ್ತು.

ನನ್ನ ಕೂಗು ಕೇಳಿ ಅಳಿಯ ನೀರಿಗೆ ಹಾರಿದ. ಕೊನೆಗೆ ಅವಳನ್ನು ಮೇಲೆ ತಂದವರು ಡೈವಿಂಗ್ ಕ್ಲಾಸಿನ ಟೀಚರ್, ಒಬ್ಬ ಬಿಳಿ ಗಡ್ಡದವರು. ತುಟಿ ನೀಲಿಯಾಗಿತ್ತು.

ಟೊರಾಂಟೋದ ಆಸ್ಪತ್ರೆಯಲ್ಲಿ ಐದು ದಿನ ವೆಂಟಿಲೇಟರು. ಡಾಕ್ಟರು "ವೆಯ್ಟ್ ಅಂಡ್ ಸೀ" ಅನ್ನೋದು ಬಿಟ್ಟು ಬೇರೆ ಹೇಳಲಿಲ್ಲ. ಸುಮಾ ಒಂದೇ ಮಾತಾಡಿದಳು: "ನಿನ್ನ ದೇವರಿಗೆ ಕಾಯಿ ಸಾಲಲಿಲ್ವಾ ಅಮ್ಮ?" ಮಗಳು-ಅಳಿಯನ ಕಾರಲ್ಲಿ ಕೂರೋ ಧೈರ್ಯ ಬರದೆ ನಾನು ಬಸ್ಸು, ಸಬ್‌ವೇ ಹಿಡಿದು ಹೋಗುತ್ತಿದ್ದೆ. ಬಸ್ಸಲ್ಲಿ ಸ್ತೋತ್ರದ ಮೊದಲ ಸಾಲೂ ಬಾಯಿಗೆ ಬರಲಿಲ್ಲ. "ತಾಯೀ, ನನ್ನನ್ನು ಕರ್ಕೊಂಡು ಹೋಗು, ಅವಳನ್ನು ಬಿಡು," ಇಷ್ಟೇ.

ನಾಲ್ಕನೇ ದಿನ ಗಡ್ಡದವರು ಪ್ಲಾಸ್ಟಿಕ್ ಚೀಲ ಹಿಡಿದು ಬಂದರು. "ಈಸ್ ದಿಸ್ ಯುವರ್ಸ್?" ಒಳಗೆ ನಮ್ಮ ಕಾಯಿ!

ಅವರು ಹೇಳಿದ್ದು ಇಷ್ಟು. ಕೂಗು ಕೇಳಿಸಿತಂತೆ, ಆದರೆ ನೀರು ಕದಡಿತ್ತು, ಎಲ್ಲಿ ಹುಡುಕೋದು ತಿಳಿಯಲಿಲ್ಲ. ಹಳದಿಯದೇನೋ ತೇಲುತ್ತಿತ್ತು. ಕೆಳಗೆ ಡೈವರ್ ಇದ್ದರೆ ಮೇಲೆ ಗುರುತಿಗೆ ಬಣ್ಣದ ಚೆಂಡಿನಂಥ ಬುರುಡೆ ತೇಲಿಬಿಡೋದು ಅವರ ಪದ್ಧತಿ. ಅದೇ ಅಂದುಕೊಂಡು ನೇರ ಅದರ ಕೆಳಗೇ ಮುಳುಗಿದರಂತೆ. ಅಲ್ಲೇ ಮಗು.

ಕಾಡಿಗೆಯ ಕಣ್ಣು ಅಳಿಸಿಹೋಗಿತ್ತು, ಅರಿಶಿನ ಉಳಿದಿತ್ತು. ಸುಮಾ ಆ ಕಾಯಿಯನ್ನು ಎದೆಗವಚಿಕೊಂಡು, ಇನ್ನೊಂದು ಕೈಯಲ್ಲಿ ನನ್ನ ಕೈ ಹಿಡಿದು ಬಿಕ್ಕಿಬಿಕ್ಕಿ ಅತ್ತಳು.

ಮಾರನೇ ಮಧ್ಯಾಹ್ನ ಮೇಘಾ ಕಣ್ಣು ಬಿಟ್ಟಳು. ಟ್ಯೂಬು ತೆಗೆದ ಮೇಲೆ, ಒಡಕು ಗಂಟಲಲ್ಲಿ ಮೊದಲು ಆಡಿದ ಮಾತು: "ಸಾರಿ ಅಜ್ಜಿ, ಐ ಕುಡನ್ಟ್ ರೀಚ್ ಹರ್."

"ಅವಳೇ ನಿನ್ನ ಹತ್ತಿರ ಬಂದಳು ಕಣೇ, ಪುಟ್ಟಾ," ಅಂದೆ.

ಅವಳ ಬಲಗೈ ಇಂದಿಗೂ ಸ್ವಲ್ಪ ನಡುಗುತ್ತೆ, ಪೆನ್ನು ಎಡಗೈಯಲ್ಲಿ ಹಿಡಿಯುತ್ತಾಳೆ. ಆ ಕೊಲ್ಲಿಗೆ ನಾವ್ಯಾರೂ ಮತ್ತೆ ಹೋಗಿಲ್ಲ. ಆದರೆ ಪ್ರತಿ ವರ್ಷ ಕಲಶಕ್ಕೆ ಕಣ್ಣು ಬರೆಯೋಳು ಅವಳೇ, ಆ ನಡುಗುವ ಕೈಯಲ್ಲೇ. ಅಮ್ಮನವರಿಗೆ ಸಾವಿರ ನಮಸ್ಕಾರ. ಅಂದಿನಿಂದ ನಾನು ಸ್ತೋತ್ರ ಹೇಳೋದು ಕಣ್ಣು ಬಿಟ್ಟುಕೊಂಡೇ.