ಸನದಿನ ತೋಟದ ದಾರಿ ಮತ್ತು ನನ್ನ ಎರಡು ಹಲ್ಲು

ಆ ಸೈಕಲ್ಲಿಗೆ ನಾನು ಕೊಟ್ಟದ್ದು ಹನ್ನೆರಡು ದಿನಾರು, ಒಂದು ಭರಣಿ ಮಾವಿನ ಮಿಡಿ ಉಪ್ಪಿನಕಾಯಿ ಮತ್ತು ಮೇಲಿನ ಸಾಲಿನ ಎರಡು ಹಲ್ಲು. ಮೊದಲಿನ ಎರಡನ್ನು ಮಾರಿದವನಿಗೇ ಕೊಟ್ಟೆ. ಹಲ್ಲನ್ನು ಮಾತ್ರ ಹದಿನೈದು ದಿನ ಬಿಟ್ಟು ಬೇರೆಯವರಿಗೆ ಕೊಡಬೇಕಾಯಿತು.

ಹನ್ನೆರಡೇ ಯಾಕೆಂದು ಹೇಳುತ್ತೇನೆ. ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ಅರಬರ ದ್ವೀಪವೊಂದರ ಮೀನಾ ಸಲ್ಮಾನ್ ಬಂದರಿನಲ್ಲಿ ಹಡಗುಗಳಿಗೆ ತರಕಾರಿ, ಮಾಂಸ, ಸೋಪು ಒದಗಿಸುವ ಅಂಗಡಿಯೊಂದರಲ್ಲಿ ನಾನು ಗುಮಾಸ್ತ. ರಿಪೇರಿಗೆ ನಿಂತಿದ್ದ ಒಂದು ಹಡಗಿನ ಎಂಜಿನಿಯರ್ ನಾರ್ವೆ ದೇಶದವನು, ಹೋದ ಬಂದರಿನಲ್ಲೆಲ್ಲ ಇಳಿದು ಸುತ್ತಲು ಡೆಕ್ಕಿನ ಮೇಲೆ ಸೈಕಲ್ ಇಟ್ಟುಕೊಂಡಿದ್ದ. ಅದಕ್ಕೆ ಇಪ್ಪತ್ತೈದು ದಿನಾರು ಕೇಳಿದ. ನಾನು ಬೆಲೆಯ ಮಾತು ಬಿಟ್ಟು, ಊರಿಗೆ ಯಾವಾಗ ಹೊರಟಿರಿ ಎಂದು ಕೇಳಿದೆ. ಇನ್ನು ಮೂರು ದಿನಕ್ಕೆ ಮುಹರ್ರಕ್ಕಿನಿಂದ ವಿಮಾನವಂತೆ. ಅಲ್ಲಿಗೆ ಮುಗಿಯಿತು. ವಿಮಾನಕ್ಕೆ ಸೈಕಲ್ ಹತ್ತುವುದಿಲ್ಲ ಎಂದು ಅವನಿಗೂ ಗೊತ್ತು, ನನಗೂ ಗೊತ್ತು. ಎರಡು ದಿನ ಅವನ ಕಣ್ಣಿಗೆ ಬೀಳದೆ ಇದ್ದು ಮೂರನೆಯ ದಿನ ಬೆಳಿಗ್ಗೆ ಹೋದೆ. ಮಾರುವವನು ಯಾಕೆ ಮಾರುತ್ತಾನೆ ಎಂಬುದು ಗೊತ್ತಾದರೆ ಬೆಲೆ ಅರ್ಧ ನಿಮ್ಮ ಕೈಯಲ್ಲಿ ಇದ್ದ ಹಾಗೆ.

ಹಣ ಎಣಿಸಿಕೊಂಡ ಮೇಲೆ ಅವನು ಒಂದು ಆಲ್ಬಮ್ ತೆಗೆದು ತೋರಿಸಿದ. ಅವನ ಊರಿನ ಸೈಕಲ್ ದಾರಿಗಳು. ಒಂದು ಬದಿ ಗೋಡೆಯಂತೆ ನಿಂತ ಬೆಟ್ಟ, ಇನ್ನೊಂದು ಬದಿ ಸಮುದ್ರ ಒಳಗೆ ಬಂದು ನಿಂತ ಹಸಿರು ನೀರು, ನಡುವೆ ಒಂದು ಲಾರಿಗಷ್ಟೇ ಸಾಲುವ ರಸ್ತೆ. ಅಲ್ಲಲ್ಲಿ ಮರದ ಗೇಟುಗಳು. “ಗೇಟು ತೆರೆದು ಹೋಗುವುದು, ಹಿಂದೆ ಹಾಕಿಕೊಳ್ಳುವುದು. ನಮ್ಮಲ್ಲಿ ನಡೆಯುವವನನ್ನು ಯಾರೂ ತಡೆಯುವುದಿಲ್ಲ” ಎಂದ. ಬೆಳೆ ತುಳಿಯಬಾರದು, ಮನೆಯಂಗಳಕ್ಕೆ ನುಗ್ಗಬಾರದು ಎಂದೂ ಹೇಳಿದ. ನಾನು ನನಗೆ ಬೇಕಾದ ಅರ್ಧವನ್ನು ಮಾತ್ರ ಇಟ್ಟುಕೊಂಡೆ.

ಯಾಕೆಂದರೆ ಅದು ನಮ್ಮ ದಕ್ಷಿಣ ಕನ್ನಡದ್ದೇ ಪದ್ಧತಿ ಎನಿಸಿತು. ನಮ್ಮಲ್ಲಿ ಶಾಲೆಗೆ, ಬಸ್ಸಿಗೆ, ಮದುವೆಗೆ ಹೋಗುವ ಕಾಲುದಾರಿಗಳೆಲ್ಲ ಯಾರದೋ ಗದ್ದೆಯ ಹುಣಿಯ ಮೇಲೆ, ಯಾರದೋ ಅಂಗಳದ ಬದಿಯಲ್ಲಿ. ದನ ನುಗ್ಗದ ಹಾಗೆ ಅಡ್ಡ ಕಟ್ಟಿದ ತಡಮೆ ದಾಟಿಕೊಂಡು ಹೋಗುತ್ತೇವೆ. ಮನೆಯವರು ಬೈಯುವುದಿಲ್ಲ, ಎಲ್ಲಿಗೆ ಸವಾರಿ ಎಂದು ಕೇಳುತ್ತಾರೆ. ಎರಡು ಊರಲ್ಲಿ ನಡೆಯುವ ಮಾಲು ಮೂರನೆಯ ಊರಲ್ಲೂ ನಡೆಯುತ್ತದೆ ಎಂದು ನಾನು ಲೆಕ್ಕ ಹಾಕಿದೆ. ವ್ಯಾಪಾರದಲ್ಲಿ ನಾನು ಇಂಥ ತಪ್ಪು ಮಾಡಿದವನಲ್ಲ.

ಸೈಕಲ್ ಕೊಂಡು ಹದಿನೈದನೆಯ ದಿನ ಶುಕ್ರವಾರದ ರಜೆ, ಸುತ್ತಲು ಹೊರಟಾಗ ನನ್ನ ಜೊತೆ ಬಂದವನು ನಮ್ಮ ರೂಮಿನ ಟೈಲರ್. ಉಳ್ಳಾಲದ ಕಡೆಯ ಬ್ಯಾರಿ, ನನಗಿಂತ ಹತ್ತು ವರ್ಷ ದೊಡ್ಡವನು. ರೂಮಿನಲ್ಲಿ ಎಲ್ಲರಿಗೂ ಅವನು ‘ಕಾಕ’. ಅರಬರ ಉದ್ದನೆಯ ಬಿಳಿ ಅಂಗಿ ಹೊಲಿಯುವುದರಲ್ಲಿ ಅವನ ಕೈಗೆ ಸಮ ಇರಲಿಲ್ಲ. ಆ ಬಲಗೈಯನ್ನು ಅವನು ಮಗುವಿನ ಹಾಗೆ ನೋಡಿಕೊಳ್ಳುತ್ತಿದ್ದ. ಬಕೆಟ್ ಎತ್ತುವುದು ಎಡಗೈಯಲ್ಲಿ, ಡಬ್ಬಿ ಒಡೆಯುವ ಕೆಲಸಕ್ಕೆ ಬೇರೆಯವರು. ನಾವು ತಮಾಷೆ ಮಾಡಿದರೆ, “ನಗಿ, ನಗಿ. ಒಂದು ಬೆರಳು ಹೋದರೆ ಅರಬಾಬ್ ಮರುದಿನವೇ ನನ್ನನ್ನು ವಿಮಾನ ಹತ್ತಿಸ್ತಾನೆ. ಊರಲ್ಲಿ ಏಳು ಬಾಯಿ ಉಂಟು, ಎಲ್ಲ ಈ ಕೈಗೇ ನೇತಾಡುದು” ಎನ್ನುತ್ತಿದ್ದ. ಅರಬಾಬ್ ಎಂದರೆ ವೀಸಾ ಕೊಟ್ಟ ಧಣಿ.

ಅಂದು ಕ್ಯಾರಿಯರಿನ ಮೇಲೆ ಕೂತಾಗಲೂ ಬಲಗೈಯನ್ನು ಕಂಕುಳಲ್ಲಿ ಇಟ್ಟುಕೊಂಡು, ಎಡಗೈಯಲ್ಲಿ ನನ್ನ ಬೆಲ್ಟ್ ಹಿಡಿದಿದ್ದ.

ಜನವರಿಯ ಚಳಿ. ಬಂದರಿನಿಂದ ಹೊರಟು, ಕೊಲ್ಲಿಯ ದಡ ಹಿಡಿದು ಸನದ್ ಎಂಬ ಹಳ್ಳಿಯ ಖರ್ಜೂರದ ತೋಟಗಳವರೆಗೆ ಹೋಗುವುದು ಎಂದು ನಾನೇ ದಾರಿ ಹಾಕಿದ್ದೆ. ಚಿತ್ರದಲ್ಲಿ ಕಂಡ ದಾರಿ ಬೇರೆ, ನಮಗೆ ಸಿಕ್ಕಿದ ದಾರಿ ಬೇರೆ. ನೀರಿನ ಟ್ಯಾಂಕರುಗಳು ಮೈ ಸವರಿಕೊಂಡೇ ಹೋಗುತ್ತಿದ್ದವು. ಒಂದರ ಗಾಳಿಗೆ ನಾವಿಬ್ಬರೂ ಸೈಕಲ್ ಸಮೇತ ಮರಳಿಗೆ ಬಿದ್ದೆವು; ಚಾಲಕ ಹಿಂದೆ ನೋಡಲೂ ಇಲ್ಲ. ಮುಂದೆ ರಸ್ತೆಯ ನಡುವೆ ಟೈರಿನಡಿ ಸಿಕ್ಕಿ ಚಪ್ಪಟೆಯಾದ ನಾಯಿ, ಅದರ ಸುತ್ತ ಬದುಕಿದ ನಾಲ್ಕು ನಾಯಿ. ಅವು ನಮ್ಮನ್ನು ಅಟ್ಟಿಸಿಕೊಂಡು ಬಂದವು. ಒಂದು ಕಾಕನ ಪಾಯಜಾಮ ಕಚ್ಚಿ ಎಳೆಯಿತು. ನಾನು ಇಳಿದು, ಅಡ್ಡಕಂಬಿಗೆ ಸಿಕ್ಕಿಸಿದ್ದ ಕಬ್ಬಿಣದ ಪಂಪನ್ನು ಕಿತ್ತು ಅದರ ಮೂತಿಗೆ ಹೊಡೆದೆ. ಅದು ಕುಂಯ್ಗುಡುತ್ತ ಓಡಿದ ಮೇಲೂ ಬೆನ್ನಟ್ಟಿ ಇನ್ನೊಂದು ಹೊಡೆದೆ.

“ಸಾಕು ಮಾರಾಯ! ಅದು ಓಡಿತಲ್ಲ, ಇನ್ನು ಎಂತಕ್ಕೆ ಹೊಡೆಯುದು?”

“ನೆನಪಿರ್ಲಿ ಅಂತ.”

“ನಾಯಿಗೆ ನೆನಪಿರ್ತದೋ ಇಲ್ವೋ. ನಿನ್ನ ಕೈಗೆ ರುಚಿ ಹತ್ತಿತು.”

ಅವನು ಹೇಳಿದ್ದು ಸುಳ್ಳಲ್ಲ. ಪಂಪನ್ನು ಮತ್ತೆ ಸಿಕ್ಕಿಸುವಾಗ ನನಗೆ ಒಳಗೊಳಗೆ ಒಂದು ಹುರುಪು ಇತ್ತು.

ತೋಟ ಬಂತು. ಉದ್ದಕ್ಕೂ ಮಣ್ಣುಕಲ್ಲಿನ ಗೋಡೆ, ನಡುವೆ ಖರ್ಜೂರದ ಗರಿ ಹೆಣೆದ ಬಾಗಿಲು, ಅರ್ಧ ತೆರೆದಿದೆ. ಒಳಗೆ ನೆರಳು, ಹಸಿರು ಮೇವಿನ ಪಾತಿ, ಎಲ್ಲಿಂದಲೋ ನೀರು ಹರಿಯುವ ಸದ್ದು. ತೋಟದ ಆಚೆ ತುದಿಯಲ್ಲಿ ಕೊಲ್ಲಿ ಹೊಳೆಯುತ್ತಿತ್ತು.

“ಸುತ್ತು ಹಾಕಿ ಹೋಗುವ” ಎಂದ ಕಾಕ. “ಬಾಗಿಲು ಅಂದ್ರೆ ಬಾಗಿಲು.”

“ನಿಮ್ಮ ಮನೆಯ ತಡಮೆ ದಾಟಿ ಎಷ್ಟು ಜನ ಹೋಗುದಿಲ್ಲ ಕಾಕ?”

“ಅವರೆಲ್ಲ ದೂರದಿಂದ್ಲೇ ಕೆಮ್ಮಿಕೊಂಡು ಬರ್ತಾರೆ, ಗೊತ್ತುಂಟಾ?”

ನಾನು ಕೆಮ್ಮಲಿಲ್ಲ, ಬೆಲ್ಲೂ ಹೊಡೆಯಲಿಲ್ಲ. ಇಬ್ಬರೂ ಇಳಿದು ಸೈಕಲ್ ತಳ್ಳಿಕೊಂಡು ಒಳಗೆ ಹೋದೆವು. ಗರಿಯ ಬಾಗಿಲನ್ನು ನಾರ್ವೆಯವನು ಹೇಳಿದ ಹಾಗೆ ಹಿಂದೆ ಹಾಕಿಕೊಂಡೆ. ಆಮೇಲೆ ಓಡಲು ದಾರಿಯಿಲ್ಲದೆ ಅದೂ ನಮಗೇ ಮುಳುವಾಯಿತು.

ಐವತ್ತು ಹೆಜ್ಜೆ ಹೋದ ಮೇಲೆ ನೆಲದಡಿಯಿಂದ ಉಕ್ಕುವ ಊಟೆಯ ನೀರು ತುಂಬಿದ ಕಲ್ಲಿನ ತೊಟ್ಟಿ. ಚಳಿಗೆ ಆ ನೀರು ಬೆಚ್ಚಗೆ ಹಬೆಯಾಡುತ್ತಿತ್ತು. ತೊಟ್ಟಿಯ ಸುತ್ತ ಆ ಮನೆಯ ಹೆಂಗಸರು, ಬಟ್ಟೆ ಒಗೆಯುವವರು, ತಲೆ ತೊಳೆದುಕೊಳ್ಳುವವರು. ಒಬ್ಬಳು ನಮ್ಮನ್ನು ನೋಡಿ ಕಿರುಚಿದಳು. ಆಮೇಲೆ ಎಲ್ಲರೂ ಕಿರುಚಿ ಮರಗಳ ಮರೆಗೆ ಓಡಿದರು. ನಾನು ಸೈಕಲ್ ತಿರುಗಿಸುವಷ್ಟರಲ್ಲಿ ಮರಗಳ ನಡುವಿನಿಂದ ಇಪ್ಪತ್ತು ಇಪ್ಪತ್ತೆರಡರ ಹುಡುಗನೊಬ್ಬ ಓಡಿ ಬಂದು ಕಾಕನ ಎದೆಗೆ ಎರಡೂ ಕೈಯಿಂದ ತಳ್ಳಿದ. ಕಾಕ ಹಿಂದಕ್ಕೆ, ತೊಟ್ಟಿಯಿಂದ ಹರಿಯುವ ಕಾಲುವೆಗೆ ಬಿದ್ದ, ಬೀಳುವಾಗಲೂ ಬಲಗೈ ಮೇಲೆತ್ತಿಕೊಂಡೇ ಬಿದ್ದ.

ತಪ್ಪಾಯಿತು ಎನ್ನಬಹುದಿತ್ತು. ನನ್ನ ಕೈ ಪಂಪಿಗೆ ಹೋಯಿತು. ಹುಡುಗ ನನ್ನ ಕಡೆ ತಿರುಗುವ ಮೊದಲೇ ಅವನ ಹಣೆಗೆ ಬೀಸಿದೆ. ಚರ್ಮ ಬಿರಿದ ಸದ್ದು ನನಗೆ ಕೇಳಿಸಿತು. ರಕ್ತ ಹುಬ್ಬಿನಿಂದ ಇಳಿದು ಅವನ ಎರಡೂ ಕಣ್ಣು ತುಂಬಿತು. ಆಗ ಹೆದರಿಕೆಯಾಗಿ ಪಂಪನ್ನು ಕಾಲುವೆಗೆ ಎಸೆದೆ. ಕಾಕ ಎಂಥವನು ಎಂದರೆ, ನೀರಿನಲ್ಲಿ ಬಿದ್ದ ವಸ್ತುವನ್ನು ಬಿಟ್ಟು ಏಳುವವನಲ್ಲ. ಪಂಪನ್ನು ಹಿಡಿದುಕೊಂಡೇ ಎದ್ದು ನಿಂತ.

ಅದೇ ಹೊತ್ತಿಗೆ ಇನ್ನಿಬ್ಬರು ಗಂಡಸರು ಬಂದರು. ಅವರು ಕಂಡದ್ದು ಇಷ್ಟೇ: ರಕ್ತದಲ್ಲಿ ತೊಯ್ದ ತಮ್ಮ ಹುಡುಗ, ಪಂಪು ಹಿಡಿದ ಟೈಲರ್.

ಹೊಡೆತ ಇಬ್ಬರಿಗೂ ಬಿತ್ತು. ನನ್ನನ್ನು ಒಂದು ಮರಕ್ಕೆ ಒತ್ತಿ ಹಿಡಿದು ಹೊಟ್ಟೆಗೆ ಗುದ್ದಿದರು. ಕಾಕನನ್ನು ಕೂದಲು ಹಿಡಿದು ಎಳೆತಂದು ಮಂಡಿಯೂರಿಸಿ, ಬಲಗೈಯನ್ನು ತೊಟ್ಟಿಯ ಕಲ್ಲಿನ ಅಂಚಿನ ಮೇಲೆ ಚಾಚಿ ಹಿಡಿದರು. ಹುಡುಗ ಕಣ್ಣೊರೆಸಿಕೊಂಡು ಕಾಲುವೆ ತಿರುವುವ ಸನಿಕೆಯನ್ನು ಎತ್ತಿದ. ಕಾಕನ ಐದು ಬೆರಳೂ ಕಲ್ಲಿನ ಮೇಲೆ ಬಿಡಿಸಿಕೊಂಡಿದ್ದವು. ಕಾಕ ನನ್ನ ಮುಖವನ್ನೇ ನೋಡುತ್ತಿದ್ದ.

“ಬಸ್!”

ಸಾಕು ಎಂದು ಕೂಗಿದವರು ಆ ತೋಟದ ಯಜಮಾನ, ಹುಡುಗನ ತಂದೆ. ಬಿಳಿ ಗಡ್ಡದ ಮುದುಕ. ಪ್ರಾಯದಲ್ಲಿ ಬೊಂಬಾಯಿಯಲ್ಲಿ ಖರ್ಜೂರ ಮಾರಿದವರಂತೆ, ಹಿಂದಿ ಬರುತ್ತಿತ್ತು. ಸನಿಕೆ ಗಾಳಿಯಲ್ಲೇ ನಿಂತಿತು. ಅವರು ಮಗನ ಹಣೆ ನೋಡಿದರು, ಪಂಪನ್ನು ನೋಡಿದರು, ನಮ್ಮಿಬ್ಬರನ್ನೂ ನೋಡಿದರು.

“ಕಿಸ್ಕಾ ಹಾಥ್?” ಎಂದರು. ಹೊಡೆದ ಕೈ ಯಾರದು?

ನಾನು ಬಾಯಿ ತೆರೆದೆ. ಏನು ಹೇಳಿದೆ ಎಂದು ಬರೆಯಲು ಈಗಲೂ ಮೈ ಕುಗ್ಗುತ್ತದೆ. “ಶೇಖ್ ಸಾಹೇಬ್, ಈ ಸೈಕಲ್ ಇಟ್ಟುಕೊಳ್ಳಿ. ಹೊಸತು, ಯುರೋಪಿನ ಮಾಲು” ಎಂದೆ.

“ನನ್ನ ಹತ್ತಿರ ಕತ್ತೆ ಉಂಟು” ಎಂದರು ಅವರು. “ಕೈ ಯಾರದು?”

ನಾನು ವಾಚ್ ಬಿಚ್ಚಿದೆ. ಅವರು ಅದನ್ನು ನೋಡಲೂ ಇಲ್ಲ. ಹುಡುಗ ಸನಿಕೆಯನ್ನು ಇನ್ನಷ್ಟು ಮೇಲೆತ್ತಿದ. ಕೊಡಲು ನನ್ನ ಹತ್ತಿರ ಇನ್ನೇನೂ ಉಳಿಯದೆ ಹೋದಾಗ “ನನ್ನದು” ಎಂದೆ. “ಅವನು ಟೈಲರ್. ಅವನು ಯಾರಿಗೂ ಹೊಡೆದಿಲ್ಲ. ಕೈ ನನ್ನದು.”

ಮುದುಕ ಕಾಕನ ಕೈ ಬಿಡಿಸಿದರು. “ನನ್ನ ಮಗನಿಗೆ ಒಂದು ಏಟು, ನಿನಗೆ ಒಂದು ಏಟು. ಪೊಲೀಸು ಬೇಡ, ಸೈಕಲ್ಲೂ ಬೇಡ” ಎಂದರು. ನಾನು ಅಲ್ಲೂ ಬಿಡಲಿಲ್ಲ. “ಸನಿಕೆಯ ಕಬ್ಬಿಣ ಬೇಡ, ಮರದ ಕಾವಿನಿಂದ ಹೊಡೆಯಲಿ. ತಲೆಗೆ ಬೇಡ” ಎಂದು ಕೇಳಿಕೊಂಡೆ. ಅವರು ಒಪ್ಪಿದರು. ಹುಡುಗ ಸನಿಕೆ ತಿರುಗಿಸಿ ಹಿಡಿದು ಕಾವಿನಿಂದ ನನ್ನ ಬಾಯಿಗೆ ಬೀಸಿದ.

ಎಚ್ಚರವಾದಾಗ ತೊಟ್ಟಿಯ ಬದಿಯಲ್ಲಿ ಮಲಗಿದ್ದೆ. ಬಾಯಿ ತುಂಬ ಉಪ್ಪು, ಕೈಯಲ್ಲಿ ಒಂದು ಹಲ್ಲು, ಇನ್ನೊಂದು ಸಿಗಲಿಲ್ಲ. ಮುದುಕರೇ ತಂಬಿಗೆಯಲ್ಲಿ ಆ ಬೆಚ್ಚಗಿನ ನೀರು ತಂದು ಕೊಟ್ಟರು. ಬಾಯಿ ಮುಕ್ಕಳಿಸಿದಷ್ಟೂ ಕೆಂಪು ಬಂತು. ಪಂಪನ್ನು ಅವರು ವಾಪಸು ಕೊಡಲಿಲ್ಲ. ಬಾಗಿಲವರೆಗೆ ಬಂದು, ಗೋಡೆಯ ಹೊರಗಿನಿಂದ ಸುತ್ತಿ ಹೋಗುವ ಕಾಲುದಾರಿಯನ್ನು ಕೈ ಮಾಡಿ ತೋರಿಸಿದರು. “ಕೊಲ್ಲಿ ನೋಡಬೇಕಾದರೆ ಇದೇ ದಾರಿ. ಎಲ್ಲರದ್ದೂ” ಎಂದರು.

ಅದೇ ದಾರಿಯಲ್ಲಿ ಹೋದೆವು. ಹಿಂದಿನ ಚಕ್ರಕ್ಕೆ ಖರ್ಜೂರದ ಮುಳ್ಳು ಹೊಕ್ಕು ಗಾಳಿ ಹೋಗಿತ್ತು. ನಾನು ತಳ್ಳುತ್ತಿದ್ದೆ, ಕಾಕ ಹತ್ತು ಮಾರು ಮುಂದೆ ನಡೆಯುತ್ತಿದ್ದ. ಗೋಡೆ ಮುಗಿದಲ್ಲಿ ಕೊಲ್ಲಿ ಪೂರ್ತಿ ತೆರೆದುಕೊಂಡಿತು. ತೆಳು ನೀರಿನಲ್ಲಿ ನೂರಾರು ಉದ್ದ ಕಾಲಿನ ನಸುಗೆಂಪು ಹಕ್ಕಿಗಳು ತಲೆ ತಗ್ಗಿಸಿ ಮೇಯುತ್ತಿದ್ದವು. ತೋಟದ ಒಳಗಿನಿಂದ ಹೋಗಿದ್ದರೆ ಅಷ್ಟು ಚೆನ್ನಾಗಿ ಕಾಣುತ್ತಿರಲಿಲ್ಲ. ಕಾಕ ನಿಂತು ನೋಡಿದ. ಬಲಗೈಯ ಬೆರಳುಗಳನ್ನು ಒಂದೊಂದಾಗಿ ಮಡಿಸಿ ಬಿಡಿಸಿ ನೋಡಿಕೊಂಡ. ಮುಂಗೈಯಲ್ಲಿ ಹಿಡಿದವರ ಬೆರಳುಗಳ ಗುರುತು ನೀಲಿಯಾಗಿತ್ತು, ಅಷ್ಟೆ.

ಮರುದಿನ ಅವನು ಎಂದಿನಂತೆ ಹೊಲಿಯಲು ಹೋದ. ನನ್ನೊಂದಿಗೆ ಊಟಕ್ಕೆ ಕೂರುತ್ತಿದ್ದ, ಉಪ್ಪು ಕೇಳಿದರೆ ಕೊಡುತ್ತಿದ್ದ. ತಿಂಗಳು ತುಂಬುವ ಮೊದಲು ಮುಹರ್ರಕ್ಕಿನಲ್ಲಿ ಒಂದು ರೂಮು ನೋಡಿಕೊಂಡ. ಟ್ರಂಕು ಎಡಗೈಯಲ್ಲಿ ಎತ್ತಿಕೊಂಡು ಹೊರಟಾಗ ನಾನು ಕೇಳಿದೆ: “ಸಿಟ್ಟುಂಟಾ ಕಾಕ? ಹಲ್ಲು ಹೋದದ್ದು ನನ್ನದಲ್ವಾ?”

“ಹೌದು ಮಾರಾಯ, ನಿನ್ನದೇ. ಕಡೆಗೆ ನೀನು ಸತ್ಯ ಹೇಳಿದಿ, ನಾನು ಇಲ್ಲ ಹೇಳುದಿಲ್ಲ” ಎಂದ. “ಆದ್ರೆ ಮೊದ್ಲು ಸೈಕಲ್ ಇಟ್ಟಿ, ಮತ್ತೆ ವಾಚ್ ಇಟ್ಟಿ. ಅಷ್ಟು ಹೊತ್ತೂ ನನ್ನ ಕೈ ಕಲ್ಲಿನ ಮೇಲೆ ಇತ್ತಲ್ಲ.”

ಅವನು ಟ್ಯಾಕ್ಸಿ ಹತ್ತಿದ. ಹತ್ತುವಾಗ ನನಗೆ ಕೈ ಕೊಟ್ಟ, ಎಡಗೈ.

ಈಗ ಪ್ರವಾಸಕ್ಕೆ ಹೋಗುವವರು ನನ್ನನ್ನು ದಾರಿ ಕೇಳುತ್ತಾರೆ, ಸೈಕಲ್ಲಿಗೆ ಎಷ್ಟು ಕೊಡಬಹುದು ಎಂದು ಕೇಳುತ್ತಾರೆ. ಹೇಳುತ್ತೇನೆ. ಹೊಸ ಊರಿನಲ್ಲಿ ಸೈಕಲ್ ಹತ್ತುವ ಮೊದಲು ಆ ದಾರಿಯನ್ನು ಒಮ್ಮೆ ನಡೆದು ನೋಡಿ. ಟ್ಯಾಂಕರ್ ಓಡುವ ರಸ್ತೆಗೆ ಬೆಳಕು ಹರಿಯುವ ಮೊದಲು ಇಳಿಯಬೇಡಿ. ಗೋಡೆ ಕಂಡರೆ ಹೊರಗಿನಿಂದ ಸುತ್ತಿ. ಸುತ್ತುದಾರಿಯಲ್ಲೇ ನೋಡುವಂಥದ್ದು ಹೆಚ್ಚು ಇರುತ್ತದೆ. ಬಾಗಿಲಿನೊಳಗೆ ಹೋಗಲೇಬೇಕಾದರೆ ಹೊರಗೇ ನಿಂತು ಕೆಮ್ಮಿ, ಒಳಗಿನಿಂದ ಉತ್ತರ ಬರುವವರೆಗೆ ನಿಲ್ಲಿ, ಬರದಿದ್ದರೆ ತಿರುಗಿ ಹೋಗಿ. ಜೊತೆಗೆ ಕರೆದೊಯ್ದವನು ಬೇಡ ಎಂದರೆ ಬೇಡ. ತಪ್ಪು ನಿಮ್ಮದಾದರೆ ಮೊದಲ ಮಾತಿಗೇ ಹೇಳಿಬಿಡಿ, ಅಲ್ಲಿ ಚೌಕಾಸಿಗೆ ನಿಲ್ಲಬೇಡಿ. ಮತ್ತೆ, ಪಂಪನ್ನು ಅಡ್ಡಕಂಬಿಗೆ ಸಿಕ್ಕಿಸಬೇಡಿ. ಚೀಲದ ಅಡಿಯಲ್ಲಿ, ಬಟ್ಟೆಯ ಕೆಳಗೆ, ಹಗ್ಗ ಸುತ್ತಿ ಇಡಿ. ಟೈರಿಗೆ ಗಾಳಿ ಹಾಕಬೇಕಾದಾಗ ಅದನ್ನು ಬಿಚ್ಚಲು ಐದು ನಿಮಿಷ ಹೋಗುತ್ತದೆ. ಹೋಗಲಿ.